ಒಂದು ಪಾಠಕ್ಕಾಗಿ ಕಟಕಟೆ ಹತ್ತಿದ ಉಪಾಧ್ಯಾಯ: ಜಾನ್ ಸ್ಕೋಪ್ಸರ ಜೀವನ

ಲೋಕದಲ್ಲಿ ಹೆಸರು ಪಡೆದವರೆಲ್ಲರೂ ಹೆಸರನ್ನು ಬಯಸಿ ಹೊರಟವರಲ್ಲ. ತಮ್ಮ ಪಾಡಿಗೆ ತಾವು ದುಡಿಯುತ್ತಿರುವ ಕೆಲವರ ಹೆಗಲ ಮೇಲೆ ಕಾಲವೇ ಒಂದು ಭಾರವನ್ನು ತಂದು ಹೊರಿಸುತ್ತದೆ. ಜಾರಿಕೊಳ್ಳುವವರು ಜಾರಿಕೊಳ್ಳುತ್ತಾರೆ, ಹೊರುವವರು ಸದ್ದಿಲ್ಲದೆ ಹೊರುತ್ತಾರೆ. ೧೯೨೫ನೆಯ ಇಸವಿಯಲ್ಲಿ ಅಮೇರಿಕದ ಟೆನೆಸ್ಸೀ ಸಂಸ್ಥಾನದ ಡೇಟನ್ ಎಂಬ ಚಿಕ್ಕ ಪಟ್ಟಣದಲ್ಲಿ ಅಂತಹ ಭಾರಕ್ಕೆ ಹೆಗಲು ಕೊಟ್ಟವರು ಜಾನ್ ಥಾಮಸ್ ಸ್ಕೋಪ್ಸ್ ಎಂಬ ೨೪ ವರ್ಷ ಪ್ರಾಯದ ಉಪಾಧ್ಯಾಯರು. ಸರಕಾರಿ ಶಾಲೆಯ ಮಕ್ಕಳಿಗೆ ಜೀವವಿಕಾಸದ ಪಾಠವನ್ನು ಹೇಳಿದರೆಂಬುದೇ ಅವರ ಮೇಲಿದ್ದ ಆರೋಪ. ಅವರು ದೊಡ್ಡ ಶಾಸ್ತ್ರಜ್ಞರಲ್ಲ, ವಾಗ್ಮಿಗಳಲ್ಲ, ಜನನಾಯಕರೂ ಅಲ್ಲ. ಆದರೂ ಶಾಲೆಯಲ್ಲಿ ಕಲಿಸುವ ಮತ್ತು ಕಲಿಯುವ ಸ್ವಾತಂತ್ರ್ಯದ ಮಾತು ಬಂದಾಗಲೆಲ್ಲ ಜಗತ್ತು ಅವರ ಹೆಸರನ್ನು ನೆನೆಯುತ್ತದೆ. ಅವರ ಜೀವನವನ್ನು ನಮ್ಮ ವಾಚಕರ ಮುಂದಿಡುವುದೇ ಇಂದಿನ ನಮ್ಮ ಉದ್ದೇಶವಾಗಿದೆ.

ಸ್ಕೋಪ್ಸರು ೧೯೦೦ನೆಯ ಇಸವಿ ಆಗಸ್ಟ್ ೩ರಂದು ಕೆಂಟಕಿ ಸಂಸ್ಥಾನದ ಪಡೂಕಾ ಎಂಬ ಊರಿನಲ್ಲಿ ಜನಿಸಿದರು. ತಂದೆ ಥಾಮಸ್ ಸ್ಕೋಪ್ಸರು ಇಂಗ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ಕಡಲು ದಾಟಿ ಬಂದು ರೈಲ್ವೆಯಲ್ಲಿ ಯಂತ್ರದ ಕೆಲಸಕ್ಕೆ ಸೇರಿದವರು. ಕಾರ್ಮಿಕ ಸಂಘದಲ್ಲಿ ಶ್ರದ್ಧೆಯುಳ್ಳವರು. ನಾಲ್ವರು ಹೆಣ್ಣುಮಕ್ಕಳ ಬಳಿಕ ಹುಟ್ಟಿದ ಒಬ್ಬನೇ ಮಗ ಜಾನ್. ಪರನಾಡಿನಲ್ಲಿ ನೆಲೆ ಕಂಡ ದುಡಿಮೆಗಾರನೊಬ್ಬನ ಮನೆಯಲ್ಲಿ ಬೆಳೆದ ಮಗುವೆಂಬುದನ್ನು ಇಲ್ಲಿ ಗಮನಿಸಬೇಕು. ಮುಂದೆ ಕುಟುಂಬವು ಇಲಿನಾಯ್ ಸಂಸ್ಥಾನಕ್ಕೆ ಹೋಯಿತು. ಅಲ್ಲಿನ ಸೇಲಂ ಎಂಬ ಊರಿನಲ್ಲಿ ಜಾನರು ಹೈಸ್ಕೂಲು ಮುಗಿಸಿದರು.

ಈ ಸೇಲಂ ಪಟ್ಟಣವು ಅಮೇರಿಕದ ಮಹಾ ವಾಗ್ಮಿಗಳಲ್ಲೊಬ್ಬರಾದ ವಿಲಿಯಂ ಜೆನಿಂಗ್ಸ್ ಬ್ರಯನ್ನರ ಜನ್ಮಸ್ಥಳ. ಬ್ರಯನ್ನರು ೧೮೯೬, ೧೯೦೦ ಮತ್ತು ೧೯೦೮ರಲ್ಲಿ ಮೂರು ಸಲ ರಾಷ್ಟ್ರಾಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತವರು. ಕೆಲ ಕಾಲ ಆ ದೇಶದ ವಿದೇಶಾಂಗ ಮಂತ್ರಿಯಾಗಿದ್ದವರು. ೧೯೧೯ರಲ್ಲಿ ಸೇಲಂ ಶಾಲೆಯ ಬೀಳ್ಕೊಡುಗೆ ಸಮಾರಂಭಕ್ಕೆ ಅವರೇ ಬಂದು ಭಾಷಣ ಮಾಡಿದರು. ಅಂದು ಹೊರಬಿದ್ದ ವಿದ್ಯಾರ್ಥಿಗಳಲ್ಲಿ ಸ್ಕೋಪ್ಸರೂ ಒಬ್ಬರು. ಆರು ವರ್ಷಗಳ ತರುವಾಯ ಒಬ್ಬರು ಆರೋಪಿಯಾಗಿ, ಮತ್ತೊಬ್ಬರು ಆರೋಪಿಸುವ ಪಕ್ಷದ ವಕೀಲರಾಗಿ ಒಂದೇ ನ್ಯಾಯಾಲಯದಲ್ಲಿ ಎದುರಾಗುವರೆಂದು ಅಂದು ಯಾರು ತಾನೇ ಊಹಿಸಿದ್ದರು?

ಸ್ಕೋಪ್ಸರು ಮೊದಲು ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಆರೋಗ್ಯ ಕೆಟ್ಟುದರಿಂದ ಅದನ್ನು ಬಿಟ್ಟು ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಓದಿ ೧೯೨೪ರಲ್ಲಿ ಪದವೀಧರರಾದರು. ಅದೇ ವರ್ಷ ಡೇಟನ್ ಪಟ್ಟಣದ ಹೈಸ್ಕೂಲಿನಲ್ಲಿ ಅವರಿಗೆ ಕೆಲಸ ದೊರೆಯಿತು. ತಿಂಗಳಿಗೆ ೧೫೦ ಡಾಲರ್ ಸಂಬಳ. ಮಕ್ಕಳಿಗೆ ಫುಟ್‌ಬಾಲ್ ಆಟವನ್ನು ಕಲಿಸುವುದು, ಗಣಿತ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳ ಪಾಠ ಹೇಳುವುದು ಅವರ ಪಾಲಿಗೆ ಬಂದ ಕೆಲಸ. ಜೀವಶಾಸ್ತ್ರವು ಅವರ ವಿಷಯವಾಗಿರಲಿಲ್ಲ. ೧೯೨೫ರ ವಸಂತ ಋತುವಿನಲ್ಲಿ ಆ ವಿಷಯವನ್ನು ಕಲಿಸುತ್ತಿದ್ದ ಮುಖ್ಯೋಪಾಧ್ಯಾಯರು ಕಾಯಿಲೆ ಬಿದ್ದಾಗ ಕೆಲವು ದಿನಗಳ ಮಟ್ಟಿಗೆ ಅವರ ಸ್ಥಾನದಲ್ಲಿ ನಿಂತು ಪರೀಕ್ಷೆಗೆ ಮಕ್ಕಳನ್ನು ಸಿದ್ಧಗೊಳಿಸಿದರು, ಅಷ್ಟೇ.

ಅಷ್ಟರಲ್ಲಿ ಟೆನೆಸ್ಸೀ ಸಂಸ್ಥಾನದಲ್ಲಿ ಹೊಸದೊಂದು ಕಾನೂನು ಹುಟ್ಟಿಕೊಂಡಿದ್ದಿತು. ಜಾನ್ ವಾಷಿಂಗ್ಟನ್ ಬಟ್ಲರ್ ಎಂಬ ರೈತ ಪ್ರತಿನಿಧಿಯೊಬ್ಬರು ತಂದ ಆ ಮಸೂದೆಯು ಕೆಳಮನೆಯಲ್ಲಿ ೭೧ಕ್ಕೆ ೫ ಮತಗಳಿಂದಲೂ, ಮೇಲ್ಮನೆಯಲ್ಲಿ ೨೪ಕ್ಕೆ ೬ ಮತಗಳಿಂದಲೂ ಗೆದ್ದು, ೧೯೨೫ರ ಮಾರ್ಚ್ ೨೧ರಂದು ಗವರ್ನರ ಆಸ್ಟಿನ್ ಪೇ ಅವರ ಸಹಿಯನ್ನು ಪಡೆಯಿತು. ಬೈಬಲ್ ಹೇಳುವ ದೈವಸೃಷ್ಟಿಯನ್ನು ಅಲ್ಲಗಳೆದು, ಮನುಷ್ಯನು ಕೆಳದರ್ಜೆಯ ಪ್ರಾಣಿಗಳಿಂದ ಬಂದವನೆಂದು ಸರಕಾರದ ಹಣದಿಂದ ನಡೆಯುವ ಯಾವ ವಿದ್ಯಾಸಂಸ್ಥೆಯಲ್ಲಿಯೂ ಕಲಿಸಕೂಡದು. ಕಲಿಸಿದವರಿಗೆ ೧೦೦ರಿಂದ ೫೦೦ ಡಾಲರುಗಳವರೆಗೆ ದಂಡ. ಇದು ಅದರ ಸಾರಾಂಶ.

ಇಲ್ಲಿ ವಾಚಕರಿಗೆ ಜೀವವಿಕಾಸವೆಂದರೇನೆಂದು ಎರಡು ಮಾತಿನಲ್ಲಿ ತಿಳಿಸುವುದು ಅವಶ್ಯ. ಚಾರ್ಲ್ಸ್ ಡಾರ್ವಿನ್ನರು ೧೮೫೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಪ್ರಮಾಣಸಹಿತವಾಗಿ ಪ್ರತಿಪಾದಿಸಿದರು. ಮಂಗವೊಂದು ಒಂದು ದಿನ ಮನುಷ್ಯನಾಯಿತೆಂಬುದು ಇದರ ಅರ್ಥವಲ್ಲ. ಮನುಷ್ಯನಿಗೂ ವಾನರಗಳಿಗೂ ಬಹು ಪುರಾತನ ಕಾಲದಲ್ಲಿ ಒಂದೇ ಮೂಲವಿದ್ದು, ಲಕ್ಷಾಂತರ ವರ್ಷಗಳಲ್ಲಿ ಕವಲುಗಳು ಬೇರೆಬೇರೆಯಾದುವೆಂಬುದು ಅರ್ಥ. ಈ ನಿಯಮದ ಕೆಲಸವನ್ನು ಕಾಣಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹೊಟೇಲಿನ ಮಾಳಿಗೆಯಲ್ಲಿ ಮಲಗುವ ನಮ್ಮ ಹುಡುಗರಿಗೆ ತಿಗಣೆಯ ಕಾಟ ಹೊಸದಲ್ಲ. ಡಿ.ಡಿ.ಟಿ. ಬಂದ ಹೊಸತರಲ್ಲಿ ತಿಗಣೆಗಳ ಕತೆ ಮುಗಿಯಿತೆಂದೇ ಜನ ನಂಬಿದ್ದರು. ಆದರೆ ವಿಷಕ್ಕೆ ಬಗ್ಗದ ಕೆಲವು ಉಳಿದುಕೊಂಡವು. ಉಳಿದವುಗಳ ಸಂತಾನವೇ ಬೆಳೆಯಿತು. ಕೆಲವೇ ವರ್ಷಗಳಲ್ಲಿ ಆ ಪುಡಿಗೆ ಹೆದರದ ತಿಗಣೆಯೇ ಎಲ್ಲೆಡೆ ತುಂಬಿತು. ಔಷಧಕ್ಕೆ ಮಣಿಯದ ರೋಗಾಣುಗಳ ವೃತ್ತಾಂತವೂ ಇದೇ. ಈ ಪಾಠವನ್ನು ಅರಿಯದ ವೈದ್ಯನೂ, ಬೇಸಾಯಗಾರನೂ ಕತ್ತಲೆಯಲ್ಲಿ ಕೈಯಾಡಿಸಿದಂತೆ.

ಇನ್ನು ಕಥೆಗೆ ಬರೋಣ. ನ್ಯೂಯಾರ್ಕಿನಲ್ಲಿದ್ದ ಅಮೇರಿಕನ್ ನಾಗರಿಕ ಸ್ವಾತಂತ್ರ್ಯ ಸಂಘವು ಈ ಕಾನೂನನ್ನು ನ್ಯಾಯಾಲಯದಲ್ಲಿ ಪರೀಕ್ಷೆಗೊಡ್ಡಲು ನಿಶ್ಚಯಿಸಿತು. ಮುಂದೆ ಬರುವ ಉಪಾಧ್ಯಾಯರೊಬ್ಬರಿಗೆ ವಕೀಲರನ್ನು ಒದಗಿಸುವುದಾಗಿ ಅದು ಹೇಳಿದ ಸುದ್ದಿ ೧೯೨೫ರ ಮೇ ೪ರಂದು ಟೆನೆಸ್ಸೀಯ ಪತ್ರಿಕೆಯಲ್ಲಿ ಬಂದಿತು. ಮರುದಿನ ಡೇಟನ್ನಿನ ರಾಬಿನ್‌ಸನ್ ಎಂಬವರ ಔಷಧದಂಗಡಿಯಲ್ಲಿ ಊರಿನ ನಾಲ್ಕು ಜನ ಮೇಜಿನ ಸುತ್ತ ಕೂಡಿದರು. ಆ ದೇಶದ ಔಷಧದಂಗಡಿಗಳಲ್ಲಿ ಸೋಡಾ, ಶರಬತ್ತುಗಳೂ ದೊರೆಯುತ್ತಿದ್ದುದರಿಂದ ನಮ್ಮ ಚಹಾದ ಹೊಟೇಲುಗಳಂತೆ ಅವೂ ಊರ ಮಾತಿಗೆ ಅಡ್ಡೆಗಳಾಗಿದ್ದವು. ಗಣಿ ಕಂಪೆನಿಯ ವ್ಯವಸ್ಥಾಪಕರಾಗಿದ್ದ ಜಾರ್ಜ್ ರ‍್ಯಾಪಲ್ಯೇ ಎಂಬವರು ಮೊಕದ್ದಮೆಯನ್ನು ಡೇಟನ್ನಿಗೇ ತರಿಸಿಕೊಳ್ಳುವ ಸಲಹೆ ಮಾಡಿದರು. ಅವರಿಗೆ ಆ ಕಾನೂನು ಒಪ್ಪಿಗೆಯಿರಲಿಲ್ಲವೆಂಬುದು ನಿಜ. ವ್ಯಾಪಾರ ಕುಗ್ಗಿದ್ದ ಊರಿಗೆ ನಾಲ್ಕು ಜನ ಬಂದಾರೆಂಬ ಆಸೆ ಉಳಿದವರಲ್ಲಿ ಇದ್ದುದೂ ಅಷ್ಟೇ ನಿಜ.

ಟೆನಿಸ್ ಆಡುತ್ತಿದ್ದ ಸ್ಕೋಪ್ಸರಿಗೆ ಕರೆಹೋಯಿತು. ಬೆವರೊರಸಿಕೊಂಡು ಬಂದು ಕುಳಿತ ಅವರಿಗೆ ತಂಪು ಪಾನೀಯವನ್ನು ಕೊಟ್ಟು ವಿಷಯವನ್ನು ತಿಳಿಸಿದರು. ವಿಕಾಸವನ್ನು ಬಿಟ್ಟು ಜೀವಶಾಸ್ತ್ರವನ್ನು ಕಲಿಸುವುದು ಯಾರಿಂದಲೂ ಆಗದೆಂದು ಸ್ಕೋಪ್ಸರು ಹೇಳಿದರು. ಅದೇ ಅಂಗಡಿಯ ಕಪಾಟಿನಿಂದ ಹಂಟರ್ ಎಂಬವರು ೧೯೧೪ರಲ್ಲಿ ಬರೆದ ಜೀವಶಾಸ್ತ್ರದ ಪಠ್ಯಪುಸ್ತಕವನ್ನು ತೆಗೆದು ಆ ಪುಟಗಳನ್ನು ತೋರಿಸಿದರು. ಇದರಲ್ಲಿನ ವಿಚಿತ್ರವನ್ನು ನೋಡಿರಿ. ಆ ಪುಸ್ತಕವನ್ನು ಶಾಲೆಗಳಿಗೆ ಗೊತ್ತುಮಾಡಿದುದು ಸರಕಾರವೇ. ಅದನ್ನು ಮಾರುತ್ತಿದ್ದ ರಾಬಿನ್‌ಸನ್ನರು ಅಲ್ಲಿಯ ಶಾಲಾ ಮಂಡಲಿಯ ಅಧ್ಯಕ್ಷರೇ. ಪುಸ್ತಕದಂತೆ ನಡೆದ ಉಪಾಧ್ಯಾಯನು ಕಾನೂನಿಗೆ ತಪ್ಪಿದಂತಾಗುತ್ತಿತ್ತು. ಕಾನೂನಿನಂತೆ ನಡೆದವನು ಪುಸ್ತಕಕ್ಕೆ ತಪ್ಪಿದಂತಾಗುತ್ತಿತ್ತು. ಮೊಕದ್ದಮೆಗೆ ನಿಲ್ಲುವಿರಾ ಎಂದು ಕೇಳಿದಾಗ ಸ್ಕೋಪ್ಸರು ಒಪ್ಪಿ, ಪುನಃ ಟೆನಿಸ್ ಆಡಲು ಹೊರಟುಹೋದರು.

ಆ ನಿರ್ದಿಷ್ಟ ಪಾಠವನ್ನು ತಾವು ನಿಜವಾಗಿ ಹೇಳಿದ್ದೆವೋ ಇಲ್ಲವೋ ಎಂಬುದು ಅವರಿಗೇ ಸ್ಪಷ್ಟವಾಗಿ ನೆನಪಿರಲಿಲ್ಲ. ಇದನ್ನು ಅವರು ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಹಾಗಾದರೆ ಇದು ಬರಿಯ ನಾಟಕವಲ್ಲವೇ ಎಂದು ಕೆಲವರು ಕೇಳಬಹುದು. ನಮಗೆ ಹಾಗೆ ತೋರುವುದಿಲ್ಲ. ಊರವರಿಗೆ ಅದು ಜಾತ್ರೆಯಾಗಿದ್ದಿರಬಹುದು. ಆದರೆ ಕೆಲಸಕ್ಕೆ ಸೇರಿ ವರ್ಷ ತುಂಬದ ತರುಣನಿಗೆ, ಹೆಸರೂ ಅನ್ನವೂ ಎರಡೂ ಪಣವಾಗಿದ್ದವು. ಆ ಸಂಸ್ಥಾನದಲ್ಲಿ ನೂರಾರು ಉಪಾಧ್ಯಾಯರಿಗೆ ಕಾನೂನು ತಪ್ಪೆಂದು ತೋರಿದ್ದಿರಬೇಕು. ಹೆಸರು ಕೊಟ್ಟವರು ಸ್ಕೋಪ್ಸರು ಮಾತ್ರ.

ವಿಚಾರಣೆ ಜುಲೈ ೧೦ರಂದು ಮೊದಲಾಯಿತು. ಬ್ರಯನ್ನರು ಸರಕಾರಿ ಪಕ್ಷವನ್ನು ಸೇರಿದರು. ಪ್ರಖ್ಯಾತ ವಕೀಲರಾದ ಕ್ಲಾರೆನ್ಸ್ ಡ್ಯಾರೋ ಅವರು ಸ್ಕೋಪ್ಸರ ಪರವಾಗಿ ನಿಂತರು. ದೇಶದ ಮೂಲೆಮೂಲೆಗಳಿಂದ ಪತ್ರಕರ್ತರು ನೆರೆದರು. ಷಿಕಾಗೋ ನಗರದ ರೇಡಿಯೋ ಕೇಂದ್ರವು ನಡವಳಿಯನ್ನು ನೇರವಾಗಿ ಬಿತ್ತರಿಸಿತು. ಬೀದಿಯಲ್ಲಿ ತಿಂಡಿ, ಶರಬತ್ತು ಮಾರುವವರು, ಧರ್ಮಬೋಧೆ ಮಾಡುವವರು, ಚಿಂಪಾಂಜಿಯೊಂದನ್ನು ತಂದು ಪ್ರದರ್ಶಿಸುವವರು. ಈ ಗದ್ದಲದ ನಡುವೆ, ಯಾರ ಹೆಸರಿನಲ್ಲಿ ಇದೆಲ್ಲ ನಡೆಯುತ್ತಿತ್ತೋ ಆ ಸ್ಕೋಪ್ಸರು ಅಂಗಿಯ ತೋಳು ಮಡಚಿಕೊಂಡು ಮೌನವಾಗಿ ಕುಳಿತಿದ್ದರು. ಅವರನ್ನು ಸಾಕ್ಷಿಯಾಗಿ ಯಾರೂ ಕರೆಯಲಿಲ್ಲ. ಸಾಕ್ಷಿ ನುಡಿದವರು ಅವರ ವಿದ್ಯಾರ್ಥಿಗಳಾದ ಹುಡುಗರು. ಗುರುವಿಗೆ ಕೇಡಾದೀತೆಂದು ಹಿಂಜರಿದ ಅವರಿಗೆ ಸ್ಕೋಪ್ಸರೇ ಧೈರ್ಯ ಹೇಳಿ ಕಳುಹಿಸಿದ್ದರು. ಕಲಿತ ಪಾಠದಿಂದ ನಿನಗೇನಾದರೂ ಹಾನಿಯಾಯಿತೇ ಎಂದು ಡ್ಯಾರೋ ಅವರು ಕೇಳಿದುದಕ್ಕೆ, ಇಲ್ಲವೆಂದೇ ಹುಡುಗನು ಉತ್ತರಿಸಿದನು.

ಬ್ರಯನ್ನರನ್ನು ನಾವು ದುಷ್ಟರೆಂದು ಚಿತ್ರಿಸಲಾರೆವು. ಅವರು ಜೀವಮಾನವೆಲ್ಲ ರೈತರ, ಕೂಲಿಕಾರರ ಪರವಾಗಿ ಮಾತನಾಡಿದವರು. ಸ್ತ್ರೀಯರ ಮತದಾನದ ಹಕ್ಕನ್ನು ಬೆಂಬಲಿಸಿದವರು. ಬಲಿಷ್ಠನೇ ಬದುಕಬೇಕೆಂಬ ತತ್ವವನ್ನು ಕಲಿತ ಮಕ್ಕಳು ಬಡವರನ್ನು ತುಳಿಯುವರೆಂಬ ಭಯ ಅವರಿಗಿತ್ತು. ಮೊದಲನೆಯ ಮಹಾಯುದ್ಧದ ಕ್ರೌರ್ಯದಲ್ಲಿ ಅವರು ಅದೇ ತತ್ವದ ಫಲವನ್ನು ಕಂಡಿದ್ದರು. ಈ ಭಯಕ್ಕೆ ಆಧಾರವೇ ಇರಲಿಲ್ಲವೆನ್ನುವಂತಿಲ್ಲ. ಹಂಟರರ ಅದೇ ಪುಸ್ತಕದಲ್ಲಿ ಮನುಷ್ಯ ಕುಲಗಳನ್ನು ಮೇಲುಕೀಳೆಂದು ಎಣಿಸಿ ಬಿಳಿಯರನ್ನು ತುದಿಯಲ್ಲಿ ಕೂರಿಸಲಾಗಿತ್ತು. ಅಯೋಗ್ಯರೆಂದು ತಾವು ಬಗೆದವರಿಗೆ ಸಂತಾನವಾಗದಂತೆ ತಡೆಯಬೇಕೆಂಬ ಮಾತೂ ಇತ್ತು. ಇಂದಿನ ವಿಜ್ಞಾನವು ಅದನ್ನು ತಳ್ಳಿಹಾಕಿದೆ. ಆದರೆ ತಳ್ಳಿಹಾಕಿದುದು ಹೇಗೆ? ನಿಷೇಧದಿಂದಲ್ಲ, ಇನ್ನಷ್ಟು ಅಧ್ಯಯನದಿಂದ. ತಪ್ಪಿರುವ ಪುಸ್ತಕವನ್ನು ತಿದ್ದಬಲ್ಲವನು ಓದಿದವನೇ ಹೊರತು ಓದದಂತೆ ತಡೆಯಲ್ಪಟ್ಟವನಲ್ಲ.

ಬ್ರಯನ್ನರಿಗೆ ಮತ್ತೊಂದು ವಾದವೂ ಇತ್ತು. ತೆರಿಗೆ ಕೊಟ್ಟು ಶಾಲೆ ನಡೆಸುವವರು ಜನರು. ಏನನ್ನು ಕಲಿಸಬೇಕೆಂಬುದನ್ನು ನಿರ್ಣಯಿಸುವ ಅಧಿಕಾರವೂ ಜನರದೇ ಎಂಬುದು ಅದು. ಕೇಳಲು ನ್ಯಾಯವೆಂದೇ ತೋರುತ್ತದೆ. ಬಹುಕಾಲ ಹೊಟೇಲಿನ ಗಲ್ಲಾದ ಮುಂದೆ ಕುಳಿತ ನಮಗೆ ಇದಕ್ಕೆ ಹೊಳೆಯುವ ಉತ್ತರ ಇಷ್ಟೇ. ಹಣ ಕೊಡುವ ಗಿರಾಕಿಗೆ ಇಡ್ಲಿ ಬೇಕೋ ದೋಸೆ ಬೇಕೋ ಎಂದು ಹೇಳುವ ಹಕ್ಕಿದೆ. ಆದರೆ ಒಲೆಯ ಮೇಲಿನ ಹಾಲು ಒಡೆದಿದೆಯೋ ಇಲ್ಲವೋ ಎಂಬುದನ್ನು ಗಿರಾಕಿಗಳ ಬಹುಮತದಿಂದ ನಿರ್ಣಯಿಸಲಾಗದು. ಅದನ್ನು ಹಾಲನ್ನು ನೋಡಿಯೇ ತಿಳಿಯಬೇಕು. ಶಾಲೆಗಳು ಎಷ್ಟಿರಬೇಕು, ಎಲ್ಲಿರಬೇಕು, ಯಾವ ಭಾಷೆಯಲ್ಲಿರಬೇಕು ಎಂಬುದನ್ನು ಶಾಸನಸಭೆ ಗೊತ್ತುಮಾಡಲಿ. ಪ್ರಕೃತಿಯ ನಿಯಮವನ್ನು ೭೧ ಮತಗಳೂ ಬದಲಿಸಲಾರವು.

ಮೊಕದ್ದಮೆಗೆ ಬಂದಿದ್ದ ವಿಜ್ಞಾನಿಗಳ ಸಾಕ್ಷ್ಯವನ್ನು ಜೂರಿಯ ಮುಂದೆ ಬರಗೊಡಲು ನ್ಯಾಯಾಧೀಶ ರಾಲ್ಸ್‌ಟನ್ನರು ಒಪ್ಪಲಿಲ್ಲ. ಉಪಾಧ್ಯಾಯನು ಕಾನೂನು ಮುರಿದನೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯೆಂದು ಅವರು ತೀರ್ಮಾನಿಸಿದರು. ಜುಲೈ ೨೦ರಂದು ಜನಸಂದಣಿಯಿಂದ ಕಟ್ಟಡಕ್ಕೆ ಅಪಾಯವಾದೀತೆಂಬ ಭಯದಿಂದ ನ್ಯಾಯಾಲಯವನ್ನು ಹೊರಗಿನ ಹುಲ್ಲುಹಾಸಿಗೆ ವರ್ಗಾಯಿಸಿದರು. ಅಲ್ಲಿ ಡ್ಯಾರೋ ಅವರು ಬ್ರಯನ್ನರನ್ನೇ ಬೈಬಲಿನ ಪಂಡಿತರೆಂದು ಸಾಕ್ಷಿಯ ಪೀಠಕ್ಕೆ ಕರೆದು ಪ್ರಶ್ನೆಗಳ ಮಳೆಗರೆದರು. ಸೃಷ್ಟಿಯ ದಿನಗಳು ೨೪ ಗಂಟೆಯ ದಿನಗಳೇ ಆಗಿರಬೇಕೆಂದಿಲ್ಲವೆಂದು ಬ್ರಯನ್ನರೂ ಒಪ್ಪಬೇಕಾಯಿತು. ಮರುದಿನ ನ್ಯಾಯಾಧೀಶರು ಆ ಸಾಕ್ಷ್ಯವನ್ನೂ ಕಡತದಿಂದ ತೆಗೆಸಿದರು. ಮೇಲಿನ ನ್ಯಾಯಾಲಯಕ್ಕೆ ಹೋಗುವ ದಾರಿ ತೆರೆಯಲೆಂದು ಡ್ಯಾರೋ ಅವರೇ ತಪ್ಪಿತಸ್ಥನೆಂಬ ತೀರ್ಪನ್ನು ಬೇಡಿದರು. ಜೂರಿಯು ಒಂಬತ್ತು ನಿಮಿಷಗಳಲ್ಲಿ ಹಾಗೆಯೇ ತೀರ್ಮಾನಿಸಿತು. ನ್ಯಾಯಾಧೀಶರು ೧೦೦ ಡಾಲರ್ ದಂಡ ವಿಧಿಸಿದರು. ಆಗ ಸ್ಕೋಪ್ಸರು ಮೊದಲ ಬಾರಿಗೆ ನ್ಯಾಯಾಲಯದಲ್ಲಿ ಬಾಯಿ ತೆರೆದರು. ತಾವು ಅನ್ಯಾಯದ ಕಾನೂನನ್ನು ಮೀರಿದುದಕ್ಕಾಗಿ ಶಿಕ್ಷೆಗೊಳಗಾದುದಾಗಿಯೂ, ಮುಂದೆಯೂ ಅದನ್ನು ವಿರೋಧಿಸುವುದಾಗಿಯೂ ನಾಲ್ಕೇ ಮಾತಿನಲ್ಲಿ ಹೇಳಿ ಕುಳಿತರು. ಐದು ದಿನಗಳ ತರುವಾಯ, ಜುಲೈ ೨೬ರಂದು, ಬ್ರಯನ್ನರು ಡೇಟನ್ನಿನಲ್ಲಿಯೇ ನಿದ್ರೆಯಲ್ಲಿ ತೀರಿಕೊಂಡರು.

೧೯೨೭ರ ಜನವರಿಯಲ್ಲಿ ಟೆನೆಸ್ಸೀಯ ಶ್ರೇಷ್ಠ ನ್ಯಾಯಾಲಯವು ದಂಡವನ್ನು ರದ್ದುಗೊಳಿಸಿತು. ಕಾನೂನು ತಪ್ಪೆಂದಲ್ಲ, ೫೦ ಡಾಲರಿಗೆ ಮೀರಿದ ದಂಡವನ್ನು ಜೂರಿಯೇ ವಿಧಿಸಬೇಕಿತ್ತೆಂಬ ಕಾರಣದಿಂದ. ಮೊಕದ್ದಮೆಯನ್ನು ಮುಂದುವರಿಸದಿರುವುದೇ ಲೇಸೆಂದೂ ಅದು ಸೂಚಿಸಿತು. ಹೀಗೆ ಸ್ಕೋಪ್ಸರು ಪಾರಾದರು; ಕಾನೂನೂ ಪಾರಾಯಿತು. ಇನ್ನೂ ಮೇಲಿನ ನ್ಯಾಯಾಲಯಕ್ಕೆ ಒಯ್ಯಲು ಮೊಕದ್ದಮೆಯೇ ಉಳಿಯಲಿಲ್ಲ.

ಕಾನೂನಿಗೆ ತಲೆಬಾಗುವುದಾದರೆ ಕೆಲಸವನ್ನು ಮುಂದುವರಿಸುವುದಾಗಿ ಶಾಲೆಯವರು ಸ್ಕೋಪ್ಸರಿಗೆ ತಿಳಿಸಿದ್ದರು. ಅವರು ಒಪ್ಪಲಿಲ್ಲ. ಸಿನಿಮಾ, ರಂಗಭೂಮಿ, ಉಪನ್ಯಾಸಗಳ ಮೂಲಕ ಹೆಸರನ್ನು ಹಣಮಾಡಿಕೊಳ್ಳಲು ಬಂದ ಕರೆಗಳನ್ನೂ ಅವರು ತಿರಸ್ಕರಿಸಿದರು. ಮೊಕದ್ದಮೆಗೆ ಬಂದಿದ್ದ ವಿಜ್ಞಾನಿಗಳು ಒದಗಿಸಿದ ವಿದ್ಯಾರ್ಥಿವೇತನದಿಂದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಭೂಗರ್ಭಶಾಸ್ತ್ರವನ್ನು ಓದಿದರು. ಮುಂದಿನ ಓದಿಗೆ ಮತ್ತೊಂದು ವೇತನವನ್ನು ಬೇಡಿದಾಗ ಡೇಟನ್ನಿನ ಹಳೆಯ ಕಥೆಯೇ ಅಡ್ಡ ಬಂದು ಬಾಗಿಲು ಮುಚ್ಚಿತು. ಓದನ್ನು ಅರ್ಧಕ್ಕೆ ಬಿಟ್ಟು ಎಣ್ಣೆ ಕಂಪೆನಿಯ ಕೆಲಸಕ್ಕಾಗಿ ದಕ್ಷಿಣ ಅಮೇರಿಕದ ವೆನೆಜುವೆಲಾ ದೇಶಕ್ಕೆ ಹೋದರು. ಹೊಟ್ಟೆಪಾಡಿಗೆ ಕಡಲು ದಾಟಿದ ತಂದೆಯಂತೆ ಮಗನೂ ಕಡಲು ದಾಟಬೇಕಾಯಿತು. ೧೯೩೦ರಲ್ಲಿ ಅಲ್ಲಿಯೇ ಮಿಲ್‌ಡ್ರೆಡ್ ವಾಕರ್ ಎಂಬ ಸ್ತ್ರೀಯನ್ನು ವಿವಾಹವಾಗಿ, ಕೆಥೋಲಿಕ್ ಮತವನ್ನು ಸ್ವೀಕರಿಸಿದರು. ವಿಕಾಸವಾದವನ್ನು ಒಪ್ಪಿದವರೆಲ್ಲ ದೇವರನ್ನು ತೊರೆದವರೆಂದು ಬಗೆಯುವವರು ಇದನ್ನು ಗಮನಿಸತಕ್ಕದ್ದು. ೧೯೩೨ರಲ್ಲಿ ಕೆಂಟಕಿಯಿಂದ ಸಮಾಜವಾದಿ ಪಕ್ಷದ ಪರವಾಗಿ ಚುನಾವಣೆಗೆ ನಿಂತು ಸೋತರು. ಬಳಿಕ ಅನಿಲ ಕಂಪೆನಿಯೊಂದರಲ್ಲಿ ಭೂಗರ್ಭಶಾಸ್ತ್ರಜ್ಞರಾಗಿ ೧೯೬೩ರವರೆಗೆ ದುಡಿದು ನಿವೃತ್ತರಾದರು. ಉಪಾಧ್ಯಾಯ ವೃತ್ತಿಗೆ ಮಾತ್ರ ಅವರು ಮರಳಲಿಲ್ಲ.

ಇತ್ತ ಶಾಲೆಗಳಲ್ಲಿ ನಡೆದುದು ಮೊಕದ್ದಮೆಗಿಂತಲೂ ಗಂಭೀರವಾದುದು. ೧೯೨೬ರಲ್ಲಿ ಮಿಸಿಸಿಪ್ಪಿ, ೧೯೨೮ರಲ್ಲಿ ಅರ್ಕನ್ಸಾ ಸಂಸ್ಥಾನಗಳು ಇಂತಹುದೇ ಕಾನೂನುಗಳನ್ನು ಮಾಡಿದವು. ಪುಸ್ತಕ ಮಾರುವವರಿಗೆ ಗದ್ದಲ ಬೇಡವಾಗಿದ್ದಿತು. ಹಂಟರರ ಪುಸ್ತಕದ ೧೯೨೬ರ ಪರಿಷ್ಕೃತ ಮುದ್ರಣದಲ್ಲಿ ವಿಕಾಸವೆಂಬ ಶಬ್ದವೇ ಮಾಯವಾಯಿತು. ಇತರ ಪುಸ್ತಕಗಳಲ್ಲಿಯೂ ಆ ಅಧ್ಯಾಯವು ಕುಗ್ಗಿತು ಅಥವಾ ಅಳಿಸಿಹೋಯಿತು. ದಂಡ ತೆತ್ತ ಉಪಾಧ್ಯಾಯರಿಲ್ಲ, ಸೆರೆಗೆ ಹೋದವರಿಲ್ಲ; ಆದರೂ ಒಂದು ತಲೆಮಾರಿನ ಮಕ್ಕಳು ಆ ಪಾಠವನ್ನು ಸರಿಯಾಗಿ ಕಾಣದೆಯೇ ಶಾಲೆ ಮುಗಿಸಿದರು. ಕಾನೂನು ಹೊಡೆಯದಿದ್ದರೂ ಕಾನೂನಿನ ಭಯ ಹೊಡೆಯುತ್ತದೆ. ೧೯೫೭ರಲ್ಲಿ ರಷ್ಯನರು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಮೇಲೆ, ತಮ್ಮ ಮಕ್ಕಳು ವಿಜ್ಞಾನದಲ್ಲಿ ಹಿಂದೆ ಬಿದ್ದರೆಂದು ಅಮೇರಿಕವು ಎಚ್ಚೆತ್ತಿತು. ೧೯೬೦ರ ದಶಕದ ಹೊಸ ಪಠ್ಯಪುಸ್ತಕಗಳಲ್ಲಿ ವಿಕಾಸವು ಮರಳಿ ಬಂದಿತು.

ಅದೃಷ್ಟವಶಾತ್ ಸ್ಕೋಪ್ಸರು ಫಲವನ್ನು ಕಣ್ಣಾರೆ ಕಂಡರು. ೧೯೬೦ರಲ್ಲಿ ಈ ಮೊಕದ್ದಮೆಯನ್ನಾಧರಿಸಿದ ಚಲನಚಿತ್ರದ ಪ್ರದರ್ಶನಕ್ಕಾಗಿ ಅವರು ಡೇಟನ್ನಿಗೆ ಹೋದಾಗ ಊರವರು ಗೌರವದಿಂದ ಬರಮಾಡಿಕೊಂಡರು. ೧೯೬೭ರಲ್ಲಿ ಅವರ ಆತ್ಮಕಥೆ ಹೊರಬಂದಿತು. ಅದೇ ವರ್ಷ ಟೆನೆಸ್ಸೀಯಲ್ಲಿ ತರುಣ ಉಪಾಧ್ಯಾಯರೊಬ್ಬರನ್ನು ಇದೇ ಪಾಠಕ್ಕಾಗಿ ಕೆಲಸದಿಂದ ತೆಗೆದುದು ವಿವಾದವಾಗಿ, ಕೊನೆಗೆ ಮೇ ತಿಂಗಳಲ್ಲಿ ಶಾಸನಸಭೆಯು ೪೨ ವರ್ಷಗಳ ಕಾನೂನನ್ನು ರದ್ದುಮಾಡಿತು. ೧೯೬೮ರ ನವೆಂಬರ್ ೧೨ರಂದು, ಅರ್ಕನ್ಸಾದ ಉಪಾಧ್ಯಾಯಿನಿ ಸೂಸನ್ ಎಪರ್ಸನ್ನರು ಹೂಡಿದ ದಾವೆಯಲ್ಲಿ, ಇಂತಹ ನಿಷೇಧವು ಸಂವಿಧಾನಕ್ಕೆ ವಿರುದ್ಧವೆಂದು ಅಮೇರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಎರಡು ವರ್ಷಗಳ ತರುವಾಯ, ೧೯೭೦ರ ಅಕ್ಟೋಬರ್ ೨೧ರಂದು, ಲೂಯಿಸಿಯಾನದ ಶ್ರೀವ್‌ಪೋರ್ಟ್ ನಗರದಲ್ಲಿ ಸ್ಕೋಪ್ಸರು ತಮ್ಮ ೭೦ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಹುಟ್ಟಿದೂರಾದ ಪಡೂಕಾದಲ್ಲಿಯೇ ಅವರ ಸಮಾಧಿಯಿದೆ.

ದೂರದೇಶದ ಈ ಹಳೆಯ ಕಥೆ ನಮಗೇಕೆಂದು ಕೇಳುವವರಿಗೆ ಒಂದು ಮಾತು. ೨೦೨೩ರಲ್ಲಿ ನಮ್ಮ ದೇಶದ ಎನ್.ಸಿ.ಇ.ಆರ್.ಟಿ. ಸಂಸ್ಥೆಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಡಲಾಯಿತು. ಅನುವಂಶೀಯತೆ ಮತ್ತು ವಿಕಾಸವೆಂದಿದ್ದ ಅಧ್ಯಾಯ ಅನುವಂಶೀಯತೆಯೆಂದಷ್ಟೇ ಉಳಿಯಿತು. ಇಲ್ಲಿ ಯಾವ ಉಪಾಧ್ಯಾಯರಿಗೂ ದಂಡವಿರಲಿಲ್ಲ, ನಿಷೇಧದ ಕಾನೂನೂ ಇರಲಿಲ್ಲ; ಮಕ್ಕಳ ಹೊರೆ ಇಳಿಸುವುದಕ್ಕೆಂದು ಕಾರಣ ಹೇಳಲಾಯಿತು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠ ಆಗಲೂ ಇದ್ದಿತು. ಹಾಗಿದ್ದರೂ ೧೮೦೦ಕ್ಕೂ ಮಿಕ್ಕಿದ ವಿಜ್ಞಾನಿಗಳೂ ಉಪಾಧ್ಯಾಯರೂ ಬಹಿರಂಗ ಪತ್ರಕ್ಕೆ ಸಹಿ ಹಾಕಿ ಆಕ್ಷೇಪಿಸಿದರು.

ಅವರ ಆಕ್ಷೇಪದ ಬೆಲೆಯನ್ನು ಬಲ್ಲವರು ನಾವು. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿ ಊರುಬಿಟ್ಟವರಲ್ಲಿ ನಾವೂ ಒಬ್ಬರು. ಇದನ್ನು ಓದುತ್ತಿರುವವರಲ್ಲಿ ಹಲವರು ಅಷ್ಟನ್ನೂ ಮುಟ್ಟದೆ ತಟ್ಟೆ ಲೋಟ ಎತ್ತಲು ನಿಂತವರು. ಕಾಲೇಜಿಗೆ ಹೋಗುವ ಮಗುವಿಗೆ ಹತ್ತನೆಯ ತರಗತಿಯಲ್ಲಿ ತಪ್ಪಿದ ಪಾಠ ಹನ್ನೆರಡರಲ್ಲಿ ಸಿಕ್ಕೀತು. ಮನೆಯ ತುಂಬ ಪುಸ್ತಕವಿದ್ದವನಿಗೆ ಶಾಲೆಯೇ ಬೇಡವಾದೀತು. ಹತ್ತಕ್ಕೇ ಓದು ಮುಗಿಯುವ ಮಗುವಿಗೆ ಆ ಪುಸ್ತಕವೇ ಮೊದಲನೆಯದು, ಅದೇ ಕೊನೆಯದು. ಅದರಿಂದ ಹರಿದ ಹಾಳೆಯು ಅವನ ಪಾಲಿಗೆ ಜೀವಮಾನವಿಡೀ ಹರಿದದ್ದೇ. ಆದುದರಿಂದ ಕಲಿಸುವ ಸ್ವಾತಂತ್ರ್ಯವೆಂಬುದು ಪಂಡಿತರ ಸ್ವತ್ತೆಂದು ಯಾರೂ ಭಾವಿಸಬಾರದು. ಅದು ಮುಖ್ಯವಾಗಿ ಬಡವನ ಮಗುವಿನ ಸ್ವತ್ತು.

ರೈಲ್ವೆ ಕೆಲಸಗಾರನ ಮಗನಾದ ಸ್ಕೋಪ್ಸರು ಔಷಧದಂಗಡಿಯ ಮೇಜಿನೆದುರು ಕುಳಿತು ಒಪ್ಪಿಕೊಂಡುದು ಇಷ್ಟನ್ನೇ: ಸರಕಾರವೇ ಕೊಟ್ಟ ಪುಸ್ತಕವನ್ನು ಹಾಳೆ ಹರಿಯದೆ ಮಕ್ಕಳ ಕೈಗಿಡುವುದು. ಅದಕ್ಕಾಗಿ ಅವರು ತಮ್ಮ ವೃತ್ತಿಯನ್ನು ತೆತ್ತರು. ನಮ್ಮ ಮಕ್ಕಳ ಚೀಲದಲ್ಲಿರುವ ಪುಸ್ತಕವನ್ನು ಆಗಾಗ ತೆರೆದು ನೋಡುವಷ್ಟು ಶ್ರಮವನ್ನಾದರೂ ನಾವು ವಹಿಸೋಣ.